ಕಾಫಿ ತೋಟದ ಮಣ್ಣು ದಾರಿಯಲ್ಲಿ ಸೈಕಲ್: ನಾನು ದಾರಿ ಹೊಂದಿಸಿಕೊಂಡ ಬಗೆ

ಶನಿವಾರ, ಭಾನುವಾರ ಕೊಡಗಿನ ಟಾರು ರಸ್ತೆಯಲ್ಲಿ ಸೈಕಲ್ ತುಳಿಯುವುದು ಈಗ ಕಷ್ಟ. ತಿರುವು ಜಾಸ್ತಿ, ಕಾರು ಜಾಸ್ತಿ. ಪಕ್ಕಕ್ಕೆ ಸರಿಯೋಣ ಅಂದರೆ ಚರಂಡಿ ಬಿಟ್ಟು ಬೇರೆ ಜಾಗ ಇಲ್ಲ. ಆದರೆ ಅದೇ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಜೀಪು ಓಡಾಡುವ ಮಣ್ಣು ದಾರಿಗಳು ಎಷ್ಟು ಬೇಕಾದರೂ ಸಿಗುತ್ತವೆ. ತೋಟದಿಂದ ತೋಟಕ್ಕೆ, ಗದ್ದೆಯಿಂದ ಬಾಣೆಗೆ (ಗದ್ದೆಗೆ ಸೇರಿದ ಎತ್ತರದ ಜಾಗ), ಐನ್‌ಮನೆಯಿಂದ (ಕೊಡವ ಮನೆತನದ ಮೂಲಮನೆ) ದೇವಸ್ಥಾನಕ್ಕೆ. ನಾನು ಮೂರ್ನಾಡಿನವನು. ನಾಪೋಕ್ಲು, ಕಕ್ಕಬ್ಬೆ ಕಡೆಯ ಇಂಥ ದಾರಿಗಳನ್ನು ಒಂದಕ್ಕೊಂದು ಸೇರಿಸಿ, ಅರ್ಧ ದಿನ ತುಳಿದರೂ ಗಾಡಿ ಎದುರಾಗದಂಥ ಒಂದು ಸುತ್ತು ಮಾಡಿಕೊಂಡಿದ್ದೇನೆ. ‘ಮ್ಯಾಪ್ ಕಳಿಸಿ’ ಅಂತ ತುಂಬಾ ಜನ ಕೇಳುತ್ತಾರೆ. ಮ್ಯಾಪ್ ಕಳಿಸಿದರೆ ಪ್ರಯೋಜನ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಜಲ್ಲಿ ರಸ್ತೆಯ ಸೈಕ್ಲಿಂಗ್ ಅಂದ ಕೂಡಲೇ ಬರುವ ಹೆಸರು ಇಟಲಿಯ ಟಸ್ಕನಿ. ಅಲ್ಲಿ ದ್ರಾಕ್ಷಿ ತೋಟದ ಗುಡ್ಡಗಳ ನಡುವೆ ಬಿಳಿ ಜಲ್ಲಿಯ ಹಳೇ ರಸ್ತೆಗಳಿವೆ. ಅವಕ್ಕೆ ಟಾರು ಹಾಕದೆ ಉಳಿಸಿಕೊಳ್ಳಬೇಕು ಅಂತಲೇ 1997ರಲ್ಲಿ ಕಿಯಾಂತಿ ಸೀಮೆಯ ಗಾಯೊಲೆ ಅನ್ನುವ ಊರಲ್ಲಿ ‘ಎರೋಯಿಕಾ’ ಸೈಕಲ್ ಸವಾರಿ ಶುರು ಮಾಡಿದರು. 2007ರಿಂದ ಆ ಬಿಳಿ ರಸ್ತೆಗಳಲ್ಲಿ ದೊಡ್ಡ ರೇಸೂ ನಡೆಯುತ್ತಿದೆ. ಗುಡ್ಡ, ತೋಟ, ಮಣ್ಣು ದಾರಿ ನಮ್ಮಲ್ಲೂ ಇವೆ. ಆದರೆ ನಮ್ಮಲ್ಲಿ ತೋಟದ ದಾರಿ ತೋಟದವರದ್ದು. ಮೇಲಿಂದ ತೆಗೆದ ಫೋಟೋದಲ್ಲಿ ದಾರಿ ಕಾಣುತ್ತದೆ, ಗೇಟು ಕಾಣುವುದಿಲ್ಲ. ಗೇಟು ತೆರೆಯುವವರ ಪರಿಚಯವಂತೂ ಅದರಲ್ಲಿ ಸಿಗುವುದೇ ಇಲ್ಲ.

ಹಾಗಾಗಿ ನಾನು ಶುರು ಮಾಡಿದ್ದು ಜನರಿಂದ. ಮೊದಲು ಗೊತ್ತಿರುವವರ ತೋಟ. ಅವರ ಬೇಲಿ ಮುಗಿಯುವ ಕಡೆ ಪಕ್ಕದ ತೋಟ ಯಾರದ್ದು ಅಂತ ಕೇಳುವುದು, ಅವರಿಂದಲೇ ಒಂದು ಫೋನ್ ಮಾಡಿಸುವುದು. ಮಾಲೀಕರು ಊರಲ್ಲಿ ಇಲ್ಲದಿದ್ದರೆ ರೈಟರ್ ಹತ್ತಿರ ಮಾತಾಡಬೇಕು. ಹೊರಗಿನವರಿಗೆ ಹೇಳುವುದಾದರೆ, ತೋಟದಲ್ಲಿ ಆಳುಗಳ ಲೆಕ್ಕ, ಕೆಲಸ, ಬೀಗದ ಕೈ ಎಲ್ಲಾ ನೋಡಿಕೊಳ್ಳುವವರು ರೈಟರ್. ಕಾಫಿ ಕುಯ್ಯುವ ಕಾಲದಲ್ಲಿ ಅವರಿಗೆ ಅನುಮಾನ ಬರುವುದು ಸಹಜ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಕರಿಮೆಣಸಿಗೆ ಕಳ್ಳರ ಕಾಟ ಇದೆ. ಒಬ್ಬ ರೈಟರ್ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ಸೈಕಲ್‌ಗೆ ಕಟ್ಟಿದ್ದ ಚೀಲ ನೋಡಿ, ‘ಸಾರ್, ಒಳಗೆ ಏನಿದೆ?’ ಅಂದರು. ಬಿಚ್ಚಿ ತೋರಿಸಿದೆ. ಟ್ಯೂಬು, ಪಂಪು, ಅಕ್ಕಿ ರೊಟ್ಟಿ. ‘ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನನಗೆ ಹೇಳಿ. ಸಾಹುಕಾರ್ರು ಕೇಳಿದರೆ ನಾನು ಉತ್ತರ ಕೊಡಬೇಕಲ್ವಾ?’ ಅಂದರು. ಅವರು ಹೇಳಿದ್ದು ಸರಿ. ಈಗಲೂ ಆ ಗೇಟು ದಾಟುವ ಮುಂಚೆ ಫೋನ್ ಮಾಡುತ್ತೇನೆ. ಇನ್ನೊಂದು ವಿಷಯ: ಒಬ್ಬರಿಗೆ ಕೊಟ್ಟ ಅನುಮತಿ ಇಪ್ಪತ್ತು ಜನರಿಗೆ ಕೊಟ್ಟ ಹಾಗಲ್ಲ. ನಾವು ಮೂರು ನಾಲ್ಕು ಜನಕ್ಕಿಂತ ಜಾಸ್ತಿ ಹೋಗುವುದಿಲ್ಲ. ಸವಾರಿಯ ದಾರಿಯನ್ನು ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುವುದೂ ಇಲ್ಲ.

ದೇವರಕಾಡು, ಅಂದರೆ ದೇವರ ಹೆಸರಿನಲ್ಲಿ ಉಳಿಸಿಕೊಂಡು ಬಂದ ಕಾಡಿನ ವಿಷಯದಲ್ಲಿ ಅನುಮತಿ ಕೇಳುವ ಮಾತೇ ಇಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ. ಅದರ ಅಂಚಿನಲ್ಲಿ ದಾರಿ ಇದ್ದರೆ ಅಂಚಿನಲ್ಲೇ ಹೋಗುವುದು. ಒಳಗೆ ಸೈಕಲ್ ನುಗ್ಗಿಸುವುದು ಬೇಡ.

ಇನ್ನು ಕಾಲ. ತೋಟದ ಕೆಲಸ ಯಾವಾಗ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಸವಾರಿ ಯಾವಾಗ ಅಂತ ತಾನಾಗಿ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಸೆ ಬಿಟ್ಟುಬಿಡಿ. ಅಕ್ಟೋಬರ್‌ನಲ್ಲಿ ಬಿಸಿಲು ಬಂದರೂ ನೆರಳಿನ ಕಡೆ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಜಿಗಣೆಯೂ ಇರುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಗದ್ದೆ ಕೊಯ್ಲಾದ ಮೇಲೆ ದಾರಿ ಗಟ್ಟಿಯಾಗುತ್ತದೆ. ಆಗ ಅರೇಬಿಕಾ ಕುಯ್ಲು ನಡೆಯುತ್ತಿರುತ್ತದೆ, ಆಮೇಲೆ ರೊಬಸ್ಟಾ. ಸಂಜೆ ಹೊತ್ತು ಚೀಲ ತುಂಬಿದ ಪಿಕಪ್, ಟ್ರ್ಯಾಕ್ಟರ್ ಓಡಾಡುತ್ತವೆ. ಅದಕ್ಕೇ ನಾನು ಬೆಳಿಗ್ಗೆಯೇ ಹೊರಟು ಮಧ್ಯಾಹ್ನದ ಒಳಗೆ ಮುಗಿಸುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ದಾರಿಗೆ ಅಡ್ಡವಾಗಿ ಪೈಪು ಮಲಗಿರುತ್ತದೆ. ಇಳಿದು ಸೈಕಲ್ ಎತ್ತಿ ದಾಟಬೇಕು, ಪೈಪಿನ ಮೇಲೆ ಹತ್ತಿಸಬಾರದು. ಜಾಯಿಂಟ್ ಬಿಟ್ಟುಕೊಂಡರೆ ಅವರ ಅರ್ಧ ದಿನದ ಕೆಲಸ ಹಾಳು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ತೋಟ ಪೂರ್ತಿ ಹೂವಿನಿಂದ ಬೆಳ್ಳಗಾಗುತ್ತದೆ. ಆಗ ಧೂಳು ಅಡಗಿರುತ್ತದೆ, ಮಣ್ಣು ಹದವಾಗಿರುತ್ತದೆ, ಮಲ್ಲಿಗೆಯ ಹಾಗೆ ಘಮ. ನನಗೆ ವರ್ಷದಲ್ಲಿ ಎಲ್ಲಕ್ಕಿಂತ ಇಷ್ಟದ ದಿನಗಳು ಅವೇ. ಜೇನುನೊಣ ಜಾಸ್ತಿ ಇರುತ್ತವೆ, ನಿಧಾನ ಹೋಗಿ. ಕಕ್ಕಬ್ಬೆ ಜೇನಿಗೆ ಹೆಸರಾದ ಊರು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಜೇನುಮರಿಗಳ ವೈರಸ್ ರೋಗ ಬಂದು ದಕ್ಷಿಣ ಭಾರತದ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು ಬಹುಮಟ್ಟಿಗೆ ಅಳಿಸಿಹಾಕಿತ್ತು. ಈಗ ಹೂವಿನ ಮೇಲೆ ಅವುಗಳ ಗುಂಯ್‌ಗುಡುವಿಕೆ ಕೇಳಿದರೆ ಮನಸ್ಸು ತುಂಬುತ್ತದೆ.

ನೆಲದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತೋಟದ ದಾರಿ ಒಂದೇ ಥರ ಇರುವುದಿಲ್ಲ. ಜೀಪಿನ ಎರಡು ಚಕ್ರ ಓಡಿ ಓಡಿ ಎರಡು ಗಟ್ಟಿ ಪಟ್ಟಿ ಆಗಿರುತ್ತವೆ, ನಡುವೆ ಹುಲ್ಲು. ಆ ಪಟ್ಟಿ ಹಿಡಿದರೆ ಸೈಕಲ್ ಸಲೀಸಾಗಿ ಓಡುತ್ತದೆ. ಏರು ಇರುವ ಕಡೆ ಜೀಪು ಜಾರದಿರಲಿ ಅಂತ ಸೋಲಿಂಗ್ ಕಲ್ಲು, ಅಂದರೆ ಒರಟು ದಪ್ಪ ಕಲ್ಲು ಹಾಕಿರುತ್ತಾರೆ, ಅಲ್ಲಿ ಕೈ ನಡುಗುತ್ತದೆ. ಮಳೆ ನೀರು ದಾರಿ ಕೊಚ್ಚದಿರಲಿ ಅಂತ ಓರೆಯಾಗಿ ಅಡ್ಡ ಚರಂಡಿ ತೆಗೆದಿರುತ್ತಾರೆ. ಅದನ್ನು ಓರೆಯಲ್ಲೇ ದಾಟಿದರೆ ಮುಂದಿನ ಚಕ್ರ ಚರಂಡಿಗುಂಟ ಎಳೆದುಕೊಂಡು ಹೋಗುತ್ತದೆ. ಹ್ಯಾಂಡಲ್ ತಿರುಗಿಸಿ ಚರಂಡಿಗೆ ನೇರ ಅಡ್ಡವಾಗಿ ದಾಟಬೇಕು. ಇದೆಲ್ಲಕ್ಕಿಂತ ಜೋಪಾನವಾಗಿ ಇರಬೇಕಾದ್ದು ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದ ಎಲೆಯ ಮೇಲೆ. ಒಣಗಿದ ಎಲೆ ಇಳಿಜಾರಿನಲ್ಲಿ ದಪ್ಪಕ್ಕೆ ಬಿದ್ದಿರುತ್ತದೆ, ಅಡಿಯಲ್ಲಿ ಕಲ್ಲಿದೆಯೋ ಗುಂಡಿಯಿದೆಯೋ ಕಾಣುವುದಿಲ್ಲ. ಬ್ರೇಕ್ ಜೋರಾಗಿ ಹಿಡಿದರೆ ಎಲೆಯ ಜೊತೆ ಟೈರೂ ಜಾರುತ್ತದೆ. ಎಲೆ ಶುರುವಾಗುವ ಮುಂಚೆಯೇ ವೇಗ ಇಳಿಸಿಕೊಂಡು, ಮೈ ಹಿಂದಕ್ಕೆ ಹಾಕಿ, ಬ್ರೇಕ್ ಬಿಟ್ಟು ಉರುಳಿಸುವುದು ನನ್ನ ಕ್ರಮ.

ಸೈಕಲ್ ದುಬಾರಿಯೇ ಆಗಬೇಕು ಅಂತಿಲ್ಲ. ನನ್ನದು 42 ಮಿಲಿಮೀಟರ್ ಟೈರಿನ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣು ದಾರಿಗೆ ಅಂತಲೇ ಮಾಡಿದ್ದು), ಟ್ಯೂಬ್‌ಲೆಸ್, ಒಳಗೆ ತೂತು ಮುಚ್ಚುವ ಸೀಲೆಂಟ್ ದ್ರವ. ಗಾಳಿಯ ಒತ್ತಡ 35 ಪಿಎಸ್‌ಐ ಆಸುಪಾಸು. ಟ್ಯೂಬ್ ಇದ್ದರೆ ಇನ್ನೊಂದಿಷ್ಟು ಜಾಸ್ತಿ ಹಾಕಿ. ಡಿಸ್ಕ್ ಬ್ರೇಕ್ ಇರಲೇಬೇಕು. ಹಿಂದಿನ ದೊಡ್ಡ ಗಿಯರ್ 42 ಹಲ್ಲಿಗಿಂತ ಕಮ್ಮಿ ಇದ್ದರೆ ಏರಿನಲ್ಲಿ ತಳ್ಳಬೇಕಾಗುತ್ತದೆ. ಕೊಡಗಿನ ನೆಲ ಹಾಗಿದೆ: ಕೆಳಗೆ ಗದ್ದೆ, ಮಧ್ಯೆ ತೋಟ, ಮೇಲೆ ಬೆಟ್ಟ. ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹೋಗಲು ನಡುವಿನ ಗುಡ್ಡ ಹತ್ತಿ ಇಳಿಯಲೇಬೇಕು. ನನ್ನ ಸುತ್ತು 40 ಕಿಲೋಮೀಟರ್, ಏರು ಎಲ್ಲಾ ಸೇರಿಸಿದರೆ ಹತ್ತಿರ ಹತ್ತಿರ 800 ಮೀಟರ್. ಸಾಮಾನ್ಯ ಎಂಟಿಬಿಯಲ್ಲೂ (ಮೌಂಟನ್ ಬೈಕ್) ಆರಾಮಾಗಿ ಆಗುತ್ತದೆ.

ಆನೆಯ ವಿಷಯ ಹೇಳದೆ ಕೊಡಗಿನ ತೋಟಕ್ಕೆ ಯಾರನ್ನೂ ಕರೆಯಬಾರದು. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆ ದಾರಿಗಳು ಇನ್ನೂ ಚೆನ್ನಾಗಿವೆ, ಏರೂ ಕಮ್ಮಿ. ಆದರೆ ಅಲ್ಲಿ ಆನೆಗಳು ತೋಟದಲ್ಲೇ ಇರುತ್ತವೆ, ಕೆಲಸಕ್ಕೆ ಹೋದವರು ಜೀವ ಕಳೆದುಕೊಂಡಿದ್ದಾರೆ. ನಾನು ಆ ಕಡೆ ಸೈಕಲ್ ಒಯ್ಯುವುದಿಲ್ಲ. ನಮ್ಮ ಕಡೆಯೂ ಬರುವುದೇ ಇಲ್ಲ ಅಂತಲ್ಲ. ತೋಟದ ಕೆಲಸದವರು ಇರುವ ಲೈನ್ ಮನೆ ಎದುರು ಸಿಕ್ಕವರನ್ನು ‘ಅಕ್ಕಾ, ರಾತ್ರಿ ಏನಾದರೂ ಬಂದಿತ್ತಾ?’ ಅಂತ ಕೇಳಿಯೇ ಮುಂದೆ ಹೋಗುವುದು. ಹಸಿ ಲದ್ದಿ, ಮುರಿದ ಹಲಸಿನ ಕೊಂಬೆ ಕಂಡರೆ ವಾಪಸ್. ಸೈಕಲ್ ಸದ್ದು ಮಾಡುವುದಿಲ್ಲ, ಅದೇ ಅಪಾಯ. ತಿರುವು ಬಂದಾಗಲೆಲ್ಲ ಬೆಲ್ ಹೊಡೆಯುತ್ತೇನೆ. ಪೂರ್ತಿ ಬೆಳಕಾಗದೆ ತೋಟದೊಳಗೆ ಕಾಲಿಡುವುದಿಲ್ಲ.

ಸದ್ಯಕ್ಕೆ ನನ್ನ ಸುತ್ತು ಕಕ್ಕಬ್ಬೆಯಲ್ಲಿ ತಿರುಗಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಾಲ್ಕುನಾಡು ಅರಮನೆ ತನಕ ತೋಟದೊಳಗೇ ಹೋಗಬೇಕು ಅಂತ ಆಸೆ ಇದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ ಅದು, ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಮಧ್ಯೆ ಒಂದು ತೋಟ ಕೈ ಬದಲಾಗಿದೆ, ಹೊಸಬರು ಊರಲ್ಲಿಲ್ಲ, ಗೇಟಿಗೆ ಬೀಗ. ರೈಟರ್ ಹತ್ತಿರ ನನ್ನ ನಂಬರ್ ಕೊಟ್ಟು ಬಂದಿದ್ದೇನೆ. ಅವರು ಒಪ್ಪುವ ತನಕ ಅಷ್ಟು ದೂರ ಟಾರು ರಸ್ತೆಯೇ ಗತಿ. ವಾರದ ದಿನ ಬೆಳಿಗ್ಗೆ ಎಂಟರ ಒಳಗೆ ಹೋದರೆ ಬಸ್ಸು, ಹಾಲಿನ ಗಾಡಿ ಬಿಟ್ಟು ಬೇರೇನೂ ಸಿಗುವುದಿಲ್ಲ.