ಬೇಸಿಗೆ ಗುಡಿಸಲುಗಳ ಜಾಡು ಹಿಡಿದು

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಬೆಟ್ಟಗಳಿಗೆ ಶೀಲಿಂಗ್ ಅನ್ನುವ ಹಳೆಯ ಪಾಳು ಗುಡಿಸಲು ಹುಡುಕಿಕೊಂಡು ನಾನು ಮೊದಲ ಸಲ ಹೋದದ್ದು ಜುಲೈನಲ್ಲಿ. ಮಧ್ಯಾಹ್ನದ ಒಳ್ಳೆ ಬಿಸಿಲು. ಸುಮಾರು ಇನ್ನೂರು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಬರೀ ಸೊಂಟದೆತ್ತರದ ಜರೀಗಿಡ. ಗುಡಿಸಲಿನ ಅಡಿಪಾಯದ ಮೇಲೇ ನಿಂತಿದ್ದೆ, ಒಂದು ಗೋಡೆಯೂ ಕಂಡಿರಲಿಲ್ಲ.

ಶೀಲಿಂಗ್ ಅಂದರೆ ಬೇಸಿಗೆಯಲ್ಲಿ ದನ ಮೇಯಿಸುವವರ ಗುಡಿಸಲು. ಊರಿನ ಹೊಲದಲ್ಲಿ ಬೆಳೆ ನಿಂತಿರುವಾಗ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ಉಳಿಯುತ್ತಿದ್ದವರು ಜಾಸ್ತಿ ಹೆಂಗಸರು, ಮಕ್ಕಳು. ಹಾಲು ಕರೆದು ಬೆಣ್ಣೆ, ಚೀಸ್ ಮಾಡಿಡುತ್ತಿದ್ದರು. 18ನೇ ಶತಮಾನದ ಕೊನೆಯ ಹೊತ್ತಿಗೆ ದೊಡ್ಡ ಕುರಿ ಸಾಕಣೆ ಬಂತು, ಬಹಳ ಕಡೆ ಈ ವಾಡಿಕೆ ನಿಂತುಹೋಯಿತು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದಲ್ಲಿ 20ನೇ ಶತಮಾನದಲ್ಲೂ ಇತ್ತು.

ಈಗ ನಾನು ಮೊದಲು ನೋಡುವುದು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆ. ಜಾಗದ ಹೆಸರಿನಲ್ಲಿ ‘ಆರಿ’ ಅನ್ನುವ ಪದ ಸಿಕ್ಕರೆ ಅಲ್ಲಿಗೆ ಹೊರಡುತ್ತೇನೆ, ಹೈಲ್ಯಾಂಡ್ಸ್‌ನ ಹಳೆಯ ಭಾಷೆ ಗೇಲಿಕ್‌ನಲ್ಲಿ ಶೀಲಿಂಗ್‌ಗೆ ಇರುವ ಪದ ಅದೇ. ಬೆಟ್ಟದ ಮೇಲೆ ಬಣ್ಣವೇ ದಾರಿ ತೋರಿಸುತ್ತದೆ. ಕಂದು ಹೆದರ್ ಪೊದೆಗಳ ನಡುವೆ, ತೊರೆಯ ಪಕ್ಕದಲ್ಲಿ, ಇದ್ದಕ್ಕಿದ್ದಂತೆ ಎಳೆ ಹಸಿರು ಹುಲ್ಲು. ತಲೆಮಾರುಗಟ್ಟಲೆ ಬಿದ್ದ ಸಗಣಿಯ ಸತ್ವ ಇನ್ನೂ ಆ ಮಣ್ಣಿನಲ್ಲಿದೆ!

ಫೋಟೊಗೆ ನಾನು ಹೋಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಹಳೆಯ ಜರೀಗಿಡ ಒಣಗಿ ಮಲಗಿರುತ್ತದೆ, ಹೊಸದು ಇನ್ನೂ ಎದ್ದಿರುವುದಿಲ್ಲ. ಬೆಳಕು ಪಕ್ಕದಿಂದ, ನೆಲ ಸವರಿಕೊಂಡು ಬರಬೇಕು. ಆಗ ಗೇಣೆತ್ತರದ ದಿಬ್ಬಕ್ಕೂ ಮಾರುದ್ದ ನೆರಳು ಬೀಳುತ್ತದೆ, ಗುಡಿಸಲಿನ ಗೋಡೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಎದುರು ದಿಣ್ಣೆ ಹತ್ತಿ 85 ಎಂಎಂ ಲೆನ್ಸ್ ಹಾಕುತ್ತೇನೆ. ವೈಡ್ ಲೆನ್ಸ್‌ನಲ್ಲಿ ಆಕಾಶವೇ ಜಾಸ್ತಿ, ದಿಬ್ಬಗಳು ದೂರ ಸರಿದುಬಿಡುತ್ತವೆ.

ಒಂದು ಬೆಳಗ್ಗೆ, ಮೂರು ಮೀಟರ್ ಉದ್ದದ ಗುಡಿಸಲೊಂದರ ಒಳಗೋಡೆಯಲ್ಲಿ ಚೌಕದ ಗೂಡು ಕಂಡಿತು. ಹಾಲಿನ ಪಾತ್ರೆ ತಣ್ಣಗಿಡಲು ಮಾಡುತ್ತಿದ್ದ ಇಂಥ ಗೂಡುಗಳ ಬಗ್ಗೆ ಓದಿದ್ದೆ. ಕೆಳಗೆ ಚಪ್ಪಟೆ ಕಲ್ಲು, ಒಳಗೆ ಒದ್ದೆ ಪಾಚಿ. ಬಿಸಿಲು ಅಲ್ಲಿಗೆ ತಲುಪಿದ್ದು ಬರೀ ಹತ್ತು ನಿಮಿಷ. ಟ್ರೈಪಾಡ್ ನೆಲಮಟ್ಟಕ್ಕಿಳಿಸಿ, ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ಎಫ್ 11ಕ್ಕೆ ಇಟ್ಟು ತೆಗೆದೆ. ಪಾಚಿ ಕೆರೆದರೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಆದರೆ ಅದನ್ನು ಮುಟ್ಟಲ್ಲ, ಒಂದು ಕಲ್ಲನ್ನೂ ಸರಿಸಲ್ಲ.

ಆಮೇಲೆ ಸುಮ್ನೆ ಒಳಗೆ ಕೂತೆ. ಬಾಗಿಲಿನಿಂದ ತೊರೆಯೂ ಕಂಡಿತು, ದನ ಮೇಯುತ್ತಿದ್ದ ಇಳಿಜಾರೂ ಕಂಡಿತು. ಅವತ್ತಿನಿಂದ ಪ್ರತಿ ಗುಡಿಸಲಿನಲ್ಲೂ ಕೂತು, ಬಾಗಿಲಿನಾಚೆ ಕಾಣುವುದನ್ನೂ ಒಂದು ಫೋಟೊ ತೆಗೆಯುತ್ತೇನೆ.