ಮನುಯೆಲ್ ಸಾಂಗಿಲಿಯವರ ಜೀವನಚರಿತ್ರೆಯನ್ನು ಬರೆಯುವ ಬಗೆ

ಕ್ಯೂಬಾ ಎಂದೊಡನೆ ಕನ್ನಡ ಓದುಗರ ಮನಸ್ಸಿಗೆ ಬರುವುದು 1959ರ ಕ್ರಾಂತಿ ಮತ್ತು ಫಿಡೆಲ್ ಕ್ಯಾಸ್ಟ್ರೊ. ಆದ್ದರಿಂದ 1848ರ ಮಾರ್ಚ್ 26ರಂದು ಹವಾನಾದಲ್ಲಿ ಹುಟ್ಟಿ, ಸ್ಪೇನಿನ ವಿರುದ್ಧ ಹೋರಾಡಿ, ಆಮೇಲೆ ಲೇಖಕರೂ ವಿದೇಶಾಂಗ ಮಂತ್ರಿಯೂ ಆದ ಮನುಯೆಲ್ ಸಾಂಗಿಲಿಯವರ ಬಗ್ಗೆ ಬರೆಯಲು ಹೊರಟವರು ಮೊದಲು ಓದುಗರನ್ನು ಒಂದು ಶತಮಾನ ಹಿಂದಕ್ಕೆ ಕರೆದೊಯ್ಯಬೇಕಾಗುತ್ತದೆ. ಇಂತಹ ಬದುಕನ್ನು ಯೋಧ, ಲೇಖಕ, ಮುತ್ಸದ್ದಿ ಎಂದು ಮೂರು ಅಧ್ಯಾಯಗಳಾಗಿ ಕತ್ತರಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಒಂದೇ ಹೆಸರಿನ ಮೂವರು ಅಪರಿಚಿತರು ಓದುಗರ ಮುಂದೆ ನಿಲ್ಲುತ್ತಾರೆ. ಸಣ್ಣ ದೇಶವೊಂದು ತನ್ನ ಸ್ವಾತಂತ್ರ್ಯವನ್ನು ಯಾವ ಷರತ್ತುಗಳ ಮೇಲೆ ಒಪ್ಪಿಕೊಳ್ಳಬಹುದು ಎಂಬ ಪ್ರಶ್ನೆ ಅವರನ್ನು ಇಪ್ಪತ್ತೊಂದರ ಹರೆಯದಿಂದ ಕೊನೆಯವರೆಗೂ ಬಿಟ್ಟಿರಲಿಲ್ಲ. ಬರಹದ ಎಳೆ ಅದೇ ಆಗಿರಲಿ.

ಬರವಣಿಗೆಗೆ ಮುನ್ನ ಇಸವಿಗಳ ಒಂದು ಪಟ್ಟಿ ಮಾಡಿಕೊಳ್ಳಿ. ಒಂದು ಸಾಲಿನಲ್ಲಿ ಇಸವಿ, ಅದರ ಪಕ್ಕದಲ್ಲಿ ಸಾಂಗಿಲಿಯವರು ಮಾಡಿದ ಕೆಲಸ, ಅದರಾಚೆಗೆ ಆಗ ದ್ವೀಪವನ್ನು ಆಳುತ್ತಿದ್ದವರು ಯಾರು ಎಂಬುದು. 1898ರವರೆಗೆ ಸ್ಪೇನ್, 1899ರ ಜನವರಿ 1ರಿಂದ 1902ರ ಮೇ 20ರವರೆಗೆ ಅಮೆರಿಕದ ಸೇನಾಡಳಿತ, ಆಮೇಲೆ ಗಣರಾಜ್ಯ, 1906ರಿಂದ 1909ರವರೆಗೆ ಮತ್ತೆ ಅಮೆರಿಕ. ಈ ಮೂರನೆಯ ಅಂಕಣವಿಲ್ಲದೆ ಅವರ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ. ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಅವರ ಪೂರ್ಣ ಹೆಸರು ಮನುಯೆಲ್ ಸಾಂಗಿಲಿ ಗರ್ರಿತ್; ಸ್ಪ್ಯಾನಿಷ್ ಪದ್ಧತಿಯಂತೆ ಕೊನೆಯದು ತಾಯಿಯ ಕಡೆಯ ಹೆಸರು, ಆದ್ದರಿಂದ ಗ್ರಂಥಾಲಯದ ಸೂಚಿಯಲ್ಲಿ ‘ಸಾಂಗಿಲಿ’ ಎಂದೇ ಹುಡುಕಬೇಕು. ಅಣ್ಣ ಹೂಲಿಯೊ ಸಾಂಗಿಲಿಯವರೂ ಪ್ರಸಿದ್ಧ ಸೇನಾನಿಯಾದ್ದರಿಂದ ಟಿಪ್ಪಣಿಗಳಲ್ಲಿ ಇಬ್ಬರ ಸಾಹಸಗಳೂ ಬೆರೆತುಹೋಗುವ ಅಪಾಯವಿದೆ.

ಬಾಲ್ಯಕ್ಕೆ ಹೆಚ್ಚು ಪುಟ ಬೇಕಿಲ್ಲ. ಹೊಸೆ ದೆ ಲಾ ಲೂಸ್ ಇ ಕಬಾಯೆರೊ ಅವರು ಹವಾನಾದಲ್ಲಿ ನಡೆಸುತ್ತಿದ್ದ ‘ಎಲ್ ಸಾಲ್ವದೋರ್’ ಶಾಲೆಯಲ್ಲಿ ಓದಿದ್ದನ್ನು ಮಾತ್ರ ತಪ್ಪದೆ ಹೇಳಬೇಕು, ಏಕೆಂದರೆ 1890ರಲ್ಲಿ ಸಾಂಗಿಲಿಯವರು ಆ ಗುರುವಿನ ಬಗ್ಗೆಯೇ ಒಂದು ಅಧ್ಯಯನಗ್ರಂಥವನ್ನು ಪ್ರಕಟಿಸಿದರು. 1868ರ ಅಕ್ಟೋಬರ್ 10ರಂದು ಕಾರ್ಲೋಸ್ ಮನುಯೆಲ್ ದೆ ಸೆಸ್ಪೆದೆಸ್ ತಮ್ಮ ಸಕ್ಕರೆ ತೋಟದಲ್ಲಿ ಗುಲಾಮರನ್ನು ಬಿಡುಗಡೆ ಮಾಡಿ ಬಂಡಾಯ ಸಾರಿದಾಗ ಆರಂಭವಾದ ಹತ್ತು ವರ್ಷಗಳ ಯುದ್ಧವನ್ನು ಸಾಂಗಿಲಿಯವರು 1869ರಲ್ಲಿ ಸೇರಿದರು, ಕರ್ನಲ್ ಹುದ್ದೆಗೇರಿದರು. ಈ ಭಾಗದಲ್ಲಿ ಎಲ್ಲರೂ ಬರೆಯಲು ಬಯಸುವ ಘಟನೆಯೆಂದರೆ 1871ರ ಅಕ್ಟೋಬರ್ 8ರಂದು ಬಂಡಾಯದ ಸೇನಾನಿ ಇಗ್ನಾಸಿಯೊ ಅಗ್ರಮೋಂತೆ ಅವರು ಕೇವಲ 35 ಕುದುರೆ ಸವಾರರೊಂದಿಗೆ ಸ್ಪ್ಯಾನಿಷ್ ಪಡೆಯ ಮೇಲೆರಗಿ ಸೆರೆಸಿಕ್ಕಿದ್ದ ಸಾಂಗಿಲಿಯನ್ನು ಬಿಡಿಸಿಕೊಂಡು ಬಂದದ್ದು. ಹಾಗೆ ಬಿಡುಗಡೆಯಾದವರು ಅಣ್ಣ ಹೂಲಿಯೊ. ಘಟನೆ ಎಷ್ಟೇ ರೋಚಕವಾಗಿದ್ದರೂ ತಮ್ಮನ ಚರಿತ್ರೆಯಲ್ಲಿ ಅದಕ್ಕೆ ಒಂದೆರಡು ವಾಕ್ಯ ಸಾಕು.

1878ರ ಸಂಹೋನ್ ಒಪ್ಪಂದದೊಂದಿಗೆ ಯುದ್ಧವು ಸ್ವಾತಂತ್ರ್ಯವನ್ನು ತರದೆಯೇ ಮುಗಿಯಿತು. ಇದರ ಮುಂದಿನ ವರ್ಷಗಳನ್ನು ಎರಡು ಯುದ್ಧಗಳ ನಡುವಿನ ವಿರಾಮವೆಂದು ಬರೆಯುವುದು ಸರಿಯಲ್ಲ. ಸ್ಪೇನಿನ ಆಳ್ವಿಕೆಯಲ್ಲಿಯೇ ಹವಾನಾದಲ್ಲಿ ಇದ್ದುಕೊಂಡು, ಸಾಹಿತ್ಯ ವಿಮರ್ಶೆ, ಇತಿಹಾಸ, ಭಾಷಣಗಳ ಮೂಲಕ ಸೋತ ಯುದ್ಧದ ನೆನಪನ್ನು ಅವರು ಜೀವಂತವಾಗಿಟ್ಟರು. 1893–94ರಲ್ಲಿ ಹೊರತಂದ ‘ಓಹಾಸ್ ಲಿತೆರಾರಿಯಾಸ್’ ಪತ್ರಿಕೆ ಈ ಕಾಲದ ಮುಖ್ಯ ಕೆಲಸ. ಅದರ ಬರಹಗಳನ್ನು ಸಾಹಿತ್ಯ ವಿಮರ್ಶೆಯೆಂದಷ್ಟೇ ಓದದೆ, ನೇರವಾಗಿ ಹೇಳಲಾಗದ ರಾಜಕೀಯವನ್ನು ಅವು ಹೇಗೆ ಹೊತ್ತಿವೆ ಎಂಬುದನ್ನು ಗುರುತಿಸುತ್ತಾ ಓದಬೇಕು. 1895ರಲ್ಲಿ ಹೊಸೆ ಮಾರ್ತಿ ಸಂಘಟಿಸಿದ ಯುದ್ಧ ಆರಂಭವಾದಾಗ ಸಾಂಗಿಲಿಯವರು ಮತ್ತೆ ಕತ್ತಿ ಹಿಡಿಯಲಿಲ್ಲ. ಅಮೆರಿಕಕ್ಕೆ ಹೋಗಿ ಮಾತು ಮತ್ತು ಬರಹದಿಂದ ಅದರ ಪರವಾಗಿ ದುಡಿದರು.

ನಿಮ್ಮ ಲೇಖನದ ಅತಿ ಉದ್ದದ ಭಾಗ 1900–01ರ ಸಂವಿಧಾನ ಸಭೆಯದ್ದಾಗಿರಲಿ. ಸ್ಪೇನ್ ಹೋಗಿತ್ತು, ಆದರೆ ಅಮೆರಿಕದ ಸೈನ್ಯ ದ್ವೀಪದಲ್ಲಿಯೇ ಇತ್ತು. 31 ಪ್ರತಿನಿಧಿಗಳ ಆ ಸಭೆಗೆ ಅಮೆರಿಕ ಮುಂದಿಟ್ಟ ಪ್ಲಾಟ್ ತಿದ್ದುಪಡಿಯ ಪ್ರಕಾರ ಕ್ಯೂಬಾದೊಳಗೆ ಮಧ್ಯಪ್ರವೇಶಿಸುವ ಹಕ್ಕು ಅಮೆರಿಕಕ್ಕೆ ಇರಬೇಕಿತ್ತು, ನೌಕಾನೆಲೆಗಳಿಗೆ ಜಾಗ ಕೊಡಬೇಕಿತ್ತು, ಒಪ್ಪಂದ ಮತ್ತು ಸಾಲ ಮಾಡುವ ಅಧಿಕಾರಕ್ಕೂ ಮಿತಿ ಬೀಳುತ್ತಿತ್ತು. ಇದನ್ನು ಸಂವಿಧಾನಕ್ಕೆ ಸೇರಿಸುವ ತನಕ ಸೈನ್ಯ ಹೊರಡುವುದಿಲ್ಲವೆಂಬುದು ಸ್ಪಷ್ಟವಿತ್ತು. ಮೇ 28ರಂದು ಸಭೆ ತನ್ನದೇ ವಿವರಣೆಗಳನ್ನು ಸೇರಿಸಿ 15ಕ್ಕೆ 14 ಮತಗಳಿಂದ ಒಪ್ಪಿದಾಗ ವಾಷಿಂಗ್ಟನ್ ಅದನ್ನು ತಿರಸ್ಕರಿಸಿತು. 1901ರ ಜೂನ್ 12ರಂದು ತಿದ್ದುಪಡಿ ಇದ್ದಂತೆಯೇ 16ಕ್ಕೆ 11 ಮತಗಳಿಂದ ಅಂಗೀಕಾರವಾಯಿತು. ಆ ಹದಿನಾರರಲ್ಲಿ ಸಾಂಗಿಲಿಯವರ ಮತವೂ ಒಂದು.

ಅಭಿಮಾನದ ಚರಿತ್ರೆಗಳು ಈ ಮತವನ್ನು ಮೆಲ್ಲನೆ ದಾಟಿಬಿಡುತ್ತವೆ, ಕಟುವಾದವು ಇದೊಂದನ್ನೇ ಹಿಡಿದು ಕೂರುತ್ತವೆ. ನೀವು ಎರಡನ್ನೂ ಮಾಡದೆ, ಅದೇ ಸಭಾಂಗಣದಲ್ಲಿದ್ದ ಇತರರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ. ಗುಲಾಮ ದಂಪತಿಗಳ ಮಗನಾದ ಹುವಾನ್ ಗುವಾಲ್ಬೆರ್ತೊ ಗೋಮೆಸ್, ಹತ್ತು ವರ್ಷಗಳ ಯುದ್ಧದ ಹಿರಿಯರಾದ ಸಾಲ್ವದೋರ್ ಸಿಸ್ನೆರೋಸ್ ಬೆತಾನ್‌ಕೋರ್ತ್ ವಿರುದ್ಧವಾಗಿ ಮತ ಹಾಕಿದರು. ಒಪ್ಪದಿದ್ದರೆ ಸೇನಾಡಳಿತವೇ ಮುಂದುವರಿಯುತ್ತದೆ, ಮಿತಿಗಳಿರುವ ಗಣರಾಜ್ಯ ಅದಕ್ಕಿಂತ ಮೇಲು ಎಂಬುದು ಹೌದೆಂದವರ ತರ್ಕ. ಎರಡನ್ನೂ ಅವುಗಳ ಪೂರ್ಣ ಬಲದೊಂದಿಗೆ ಮಂಡಿಸಿದರೆ ತೀರ್ಪನ್ನು ಓದುಗರೇ ಕೊಟ್ಟುಕೊಳ್ಳುತ್ತಾರೆ. ಈ ಭಾಗಕ್ಕೆ ನಂತರದ ಜೀವನಚರಿತ್ರೆಗಳಿಗಿಂತ ಸಭೆಯ ನಡಾವಳಿಗಳೇ ಉತ್ತಮ ಆಧಾರ. ಯಂತ್ರಾನುವಾದದ ನೆರವಿನಿಂದ ಓದುವವರು ಮತದಾನದ ದಿನಾಂಕವನ್ನೂ ಹೆಸರುಗಳ ಪಟ್ಟಿಯನ್ನೂ ಮೂಲದೊಂದಿಗೆ ತಾಳೆ ನೋಡಲೇಬೇಕು, ಏಕೆಂದರೆ ಮೇ ಮತ್ತು ಜೂನ್ ತಿಂಗಳ ಎರಡು ಮತದಾನಗಳು ಸುಲಭವಾಗಿ ಒಂದಾಗಿಬಿಡುತ್ತವೆ.

ಇದರ ಬೆನ್ನಿಗೇ 1903ನ್ನು ಇಡಬೇಕು. ನಡುವೆ ಬೇರೆ ಯಾವ ವಿಷಯವನ್ನೂ ತರಬಾರದು. ಸೆನೆಟ್ ಸದಸ್ಯರಾಗಿದ್ದ ಸಾಂಗಿಲಿಯವರು ಆ ವರ್ಷದ ಮಾರ್ಚ್‌ನಲ್ಲಿ ಕ್ಯೂಬಾದ ಭೂಮಿಯನ್ನು ವಿದೇಶಿಯರಿಗೆ ಮಾರುವುದನ್ನು ನಿಷೇಧಿಸುವ ಮಸೂದೆಯನ್ನು ತಂದರು. ಅದು ಚರ್ಚೆಗೇ ಬರಲಿಲ್ಲ. ಕ್ಯೂಬಾದ ಸಕ್ಕರೆಗೆ ಅಮೆರಿಕದಲ್ಲಿ 20 ಪ್ರತಿಶತ ಸುಂಕ ರಿಯಾಯಿತಿ ಕೊಟ್ಟು, ಬದಲಿಗೆ ಕ್ಯೂಬಾದ ಮಾರುಕಟ್ಟೆಯನ್ನು ಅಮೆರಿಕದ ಸರಕುಗಳಿಗೆ ತೆರೆಯುತ್ತಿದ್ದ ವಾಣಿಜ್ಯ ಒಪ್ಪಂದವನ್ನೂ ಅವರು ವಿರೋಧಿಸಿದರು. ಅಮೆರಿಕದ ಸೈನ್ಯವನ್ನು ದ್ವೀಪದಿಂದ ಹೊರಕ್ಕೆ ಕಳುಹಿಸಲು ಒಂದು ಷರತ್ತಿಗೆ ಮಣಿದ ವ್ಯಕ್ತಿಯೇ ಸೈನ್ಯ ಹೋದ ಮೇಲೆ ನೆಲ ಮತ್ತು ಸಕ್ಕರೆಯ ದಾರಿಯಿಂದ ಬರುವ ಅಧೀನತೆಯನ್ನು ತಡೆಯಲು ಹೊರಟರೆಂಬುದು ಎರಡೂ ಘಟನೆಗಳು ಅಕ್ಕಪಕ್ಕದಲ್ಲಿದ್ದಾಗ ಮಾತ್ರ ಕಾಣುತ್ತದೆ. ಅವರ ಭಾಷಣಗಳ ಶೈಲಿ ಆ ಕಾಲಕ್ಕೆ ತಕ್ಕಂತೆ ಬಹಳ ಅಲಂಕೃತವಾದದ್ದು. ಪುಟಗಟ್ಟಲೆ ಅನುವಾದಿಸದೆ ವಾದದ ತಿರುಳನ್ನು ನಿಮ್ಮ ಮಾತಿನಲ್ಲಿ ಹೇಳಿ, ಆಯ್ದ ಕೆಲವೇ ಸಾಲುಗಳನ್ನು ಉದ್ಧರಿಸುವುದು ಒಳ್ಳೆಯದು.

1907ರ ಹೇಗ್ ಶಾಂತಿ ಸಮ್ಮೇಳನಕ್ಕೆ ಕ್ಯೂಬಾದ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದದ್ದನ್ನು ಒಂದು ವಾಕ್ಯದಲ್ಲಿ ಮುಗಿಸಬಹುದು. ಅಧ್ಯಕ್ಷ ಹೊಸೆ ಮಿಗೆಲ್ ಗೋಮೆಸ್ ಅವರ ಸರ್ಕಾರದಲ್ಲಿ 1910ರಿಂದ 1913ರವರೆಗೆ ವಿದೇಶಾಂಗ ಮಂತ್ರಿಯಾಗಿದ್ದ ಅವಧಿಗೆ ಹೆಚ್ಚು ಗಮನ ಬೇಕು. 1912ರ ಮೇ ತಿಂಗಳಲ್ಲಿ ಕಪ್ಪು ಜನರ ಸ್ವತಂತ್ರ ಪಕ್ಷವು ತನ್ನ ಮೇಲಿನ ನಿಷೇಧದ ವಿರುದ್ಧ ದಂಗೆಯೆದ್ದಿತು. ಅಮೆರಿಕ ಕ್ಯೂಬಾದ ಪೂರ್ವಭಾಗದಲ್ಲಿ ತನ್ನ ನೌಕಾಸೈನಿಕರನ್ನು ಇಳಿಸಿತು, ಗೋಮೆಸ್ ಸರ್ಕಾರ ಪ್ರತಿಭಟಿಸಿತು, ಆದರೆ ಅದೇ ಸರ್ಕಾರದ ಸೇನೆ ದಂಗೆಯನ್ನು ಭೀಕರವಾಗಿ ಹತ್ತಿಕ್ಕಿತು. ಸತ್ತವರು ಸಾವಿರಾರು, ಅವರಲ್ಲಿ ಹೆಚ್ಚಿನವರು ಕಪ್ಪು ಜನರು. ಹೊರಗಿನವರ ಮಧ್ಯಪ್ರವೇಶವನ್ನು ತಡೆಯುವ ಹೊಣೆ ಸಾಂಗಿಲಿಯವರ ಇಲಾಖೆಯದ್ದಾಗಿದ್ದಾಗ ಒಳಗೆ ನಡೆದ ಈ ಹತ್ಯೆಗಳನ್ನು ಬಿಟ್ಟು ಅವರ ರಾಜತಾಂತ್ರಿಕತೆಯನ್ನು ಮಾತ್ರ ಹೊಗಳುವ ಬರಹ ಅರ್ಧ ಬರಹವೇ ಸರಿ.

1925ರ ಜನವರಿ 23ರಂದು ಅವರು ತೀರಿಕೊಂಡರು. ಪ್ಲಾಟ್ ತಿದ್ದುಪಡಿ ರದ್ದಾದದ್ದು 1934ರಲ್ಲಿ. ಈ ಇಸವಿಯನ್ನು ಅವರ ಗೆಲುವೆಂಬಂತೆ ಕೊನೆಯಲ್ಲಿ ತೂರಿಸುವ ಆಸೆ ಬರುತ್ತದೆ. ಅದನ್ನು ಸಂವಿಧಾನ ಸಭೆಯ ಭಾಗದಲ್ಲಿಯೇ, ಗ್ವಾಂತಾನಾಮೊ ನೌಕಾನೆಲೆ ಮಾತ್ರ ಅಮೆರಿಕದ ಕೈಯಲ್ಲಿಯೇ ಉಳಿಯಿತೆಂಬ ಮಾತಿನೊಂದಿಗೆ ಹೇಳಿ ಮುಗಿಸಿ.