ಮಾತಿನ ಲೆಕ್ಕವನ್ನು ಸಮೀಕರಣವಾಗಿಸುವುದು ಹೇಗೆ?

ಕೊಟ್ಟ ಸಮೀಕರಣವನ್ನು ಸರಸರನೆ ಬಿಡಿಸುವ ಪದವಿ ವಿದ್ಯಾರ್ಥಿಗಳು ಅದೇ ಲೆಕ್ಕ ಮಾತಿನಲ್ಲಿ ಬಂದಾಗ ಎಡವುವುದನ್ನು ಪ್ರತಿ ವರ್ಷವೂ ನೋಡುತ್ತೇನೆ. ಎಡವುವ ಜಾಗವೂ ಹೆಚ್ಚಾಗಿ ಒಂದೇ.

ಮೊದಲು ಲೆಕ್ಕವನ್ನು ಎರಡು ಸಲ ಓದಿ, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಗುರುತಿಸಿಕೊಳ್ಳಿ. 'ಹೆಚ್ಚು ಎಂದರೆ ಕೂಡು' ಎಂಬಂಥ ಪಟ್ಟಿ ಅಚ್ಚು ಹಾಕುವ ಗೈಡುಗಳನ್ನು ಮುಚ್ಚಿಡಿ. ರವಿಯ ಬಳಿ ಇರುವ 20 ರೂಪಾಯಿ ಗೀತಾಳ ಹಣಕ್ಕಿಂತ 5 ಹೆಚ್ಚು ಎಂದಾಗ, ಗೀತಾಳ ಹಣ ತಿಳಿಯಲು ಕಳೆಯಲೇಬೇಕು.

ಎರಡನೆಯದು ಗೊತ್ತಿಲ್ಲದ ಸಂಖ್ಯೆಗಳಿಗೆ ಅಕ್ಷರ ಕೊಡುವ ಹಂತ. ತಪ್ಪು ಹುಟ್ಟುವುದು ಇಲ್ಲಿಯೇ. 1980ರ ಸುಮಾರಿಗೆ ಅಮೆರಿಕದಲ್ಲಿ ಶಿಕ್ಷಣ ಸಂಶೋಧಕ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 'ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ' ಎಂಬುದನ್ನು ಸಮೀಕರಣವಾಗಿ ಬರೆಯಲು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿದಾಗ ಶೇ 37ರಷ್ಟು ಮಂದಿ ತಪ್ಪು ಬರೆದರು. ಆರನ್ನು ಪ್ರಾಧ್ಯಾಪಕರ ಅಕ್ಷರದ ಪಕ್ಕದಲ್ಲಿ ಇಡಬೇಕಿತ್ತು; ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳ ಅಕ್ಷರದ ಪಕ್ಕದಲ್ಲಿ ಇಟ್ಟಿದ್ದರು. ಇಂಗ್ಲಿಷ್ ವಾಕ್ಯದ ಪದಕ್ರಮ ಇದಕ್ಕೆ ಒಂದು ಕಾರಣ: 'six times as many students as professors' ಎನ್ನುವಾಗ ಆರರ ಹಿಂದೆಯೇ ವಿದ್ಯಾರ್ಥಿಗಳು ಬರುತ್ತಾರೆ. ಕನ್ನಡದ ಕ್ರಮ ಇಲ್ಲಿ ನಮ್ಮ ಪರವಾಗಿದ್ದರೂ ಎರಡನೆಯ ಕಾರಣದಿಂದ ನಮಗೂ ಬಿಡುಗಡೆಯಿಲ್ಲ: ಒಬ್ಬ ಪ್ರಾಧ್ಯಾಪಕರ ಎದುರು ಆರು ಮಂದಿ ಕುಳಿತ ಚಿತ್ರ ಮನಸ್ಸಿಗೆ ಬಂದೊಡನೆ ಅಕ್ಷರವು ಸಂಖ್ಯೆಯಾಗಿ ಉಳಿಯದೆ ಗುಂಪಿಗೆ ಅಂಟಿಸಿದ ಚೀಟಿಯಾಗುತ್ತದೆ.

ಇಡ್ಲಿ ಹಿಟ್ಟಿನ ಅಳತೆಯನ್ನೇ ನೋಡಿ. 'ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು' ಎಂದೊಡನೆ ಕೈ ತಾನಾಗಿ 3ಅ = ಉ ಎಂದು ತಪ್ಪಾಗಿ ಬರೆಯುತ್ತದೆ. ಆದ್ದರಿಂದ ವಸ್ತುವಿನ ಮೊದಲ ಅಕ್ಷರವನ್ನು ಬಳಸಲೇಬೇಡಿ. ನಮ್ಮ ಹಳೆಯ ಬೀಜಗಣಿತದಲ್ಲಿ ಅವ್ಯಕ್ತಗಳಿಗೆ, ಅಂದರೆ ಗೊತ್ತಿಲ್ಲದ ಸಂಖ್ಯೆಗಳಿಗೆ, ಯಾವತ್ತಾವತ್, ಕಾಲಕ, ನೀಲಕ ಎಂಬ ಹೆಸರುಗಳಿದ್ದು, ಅವನ್ನು ಯಾ, ಕಾ, ನೀ ಎಂದು ಮೊಟಕಾಗಿ ಬರೆಯುತ್ತಿದ್ದರು. ಬಣ್ಣದ ಹೆಸರಾದ 'ಕಾ' ಯಾವ ಧಾನ್ಯವನ್ನೂ ನೆನಪಿಸುವುದಿಲ್ಲ. 'ಯಾ = ಅಕ್ಕಿಯ ಲೋಟಗಳ ಸಂಖ್ಯೆ, ಕಾ = ಉದ್ದಿನ ಲೋಟಗಳ ಸಂಖ್ಯೆ' ಎಂದು ಪೂರ್ತಿ ಬರೆಯಿರಿ. ಬರಿಯ 'ಯಾ = ಅಕ್ಕಿ' ಎಂದರೆ ನಾನು ಅಂಕ ಕೊಡುವುದಿಲ್ಲ.

ಮೂರನೆಯದಾಗಿ, ಯಾವುದು ಕಡಿಮೆ ಎಂದು ಕೇಳಿಕೊಳ್ಳಿ. ಉದ್ದು ಕಡಿಮೆ, ಅದನ್ನು ಮೂರು ಪಟ್ಟು ಮಾಡಿದರೆ ಅಕ್ಕಿಗೆ ಸಮವಾಗುತ್ತದೆ. ಹಾಗಾಗಿ ಯಾ = 3ಕಾ. ಇಲ್ಲಿ ಸಮ ಚಿಹ್ನೆಯನ್ನು 'ಇಷ್ಟಕ್ಕೆ ಇಷ್ಟು' ಎಂದು ಓದಬಾರದು. ಎರಡೂ ಕಡೆ ಒಂದೇ ಸಂಖ್ಯೆಯಿದೆ ಎಂದೇ ಓದಬೇಕು.

ಬಿಡಿಸುವುದು ನಿಮಗೆ ಗೊತ್ತೇ ಇದೆ. ತಾಳೆ ನೋಡುವಾಗ ಮಾತ್ರ ಸಮೀಕರಣವನ್ನು ಗಟ್ಟಿಯಾಗಿ ಓದಿ ತೃಪ್ತರಾಗಬೇಡಿ, ಏಕೆಂದರೆ '3ಅ = ಉ' ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ. ಅಕ್ಕಿಗೆ 6, ಉದ್ದಿಗೆ 2 ಹಾಕಿ ನೋಡಿ: ತಪ್ಪು ಸಮೀಕರಣದಲ್ಲಿ 18 ಮತ್ತು 2 ಸಮವೆಂದು ಬರುತ್ತದೆ.